ಒಂದೇ ತೊಟ್ಟಿಯ ಎರಡು ನಲ್ಲಿಗಳು

ಮನೆಯೊಂದರಲ್ಲಿ ಅಡುಗೆಮನೆಗೊಂದು, ಬಚ್ಚಲಿಗೊಂದು, ಹೀಗೆ ಎರಡು ನಲ್ಲಿಗಳಿವೆಯೆಂದು ಭಾವಿಸೋಣ. ಅಡುಗೆಮನೆಯ ನಲ್ಲಿಯಲ್ಲಿ ನೀರು ನಿಂತಿತು. ಮನೆಯವರು ಬಚ್ಚಲಿನ ನಲ್ಲಿಯನ್ನು ತಿರುಗಿಸಿದರೆ ಅಲ್ಲಿಯೂ ನೀರಿಲ್ಲ. ಇದರಲ್ಲಿ ಆಶ್ಚರ್ಯಪಡತಕ್ಕದ್ದು ಏನೂ ಇಲ್ಲ. ಎರಡಕ್ಕೂ ನೀರು ಬರುವುದು ಮಾಳಿಗೆಯ ಮೇಲಿನ ಒಂದೇ ತೊಟ್ಟಿಯಿಂದ. ತೊಟ್ಟಿ ಬರಿದಾದ ಮೇಲೆ ನಲ್ಲಿಗಳು ಎರಡಿದ್ದರೇನು, ಇಪ್ಪತ್ತಿದ್ದರೇನು? ಇಷ್ಟು ಸರಳವಾದ ಸಂಗತಿಯನ್ನು ಬಲ್ಲ ನಾವು, ಅಂತರಜಾಲದ ವಿಷಯಕ್ಕೆ ಬಂದಾಗ ಮಾತ್ರ ಅದನ್ನು ಮರೆತುಬಿಡುತ್ತೇವೆ. ಎರಡು ಕಂಪನಿಗಳಿಂದ ಎರಡು ಸಂಪರ್ಕಗಳನ್ನು ಪಡೆದು, ಒಂದು ಹೋದರೆ ಇನ್ನೊಂದಿದೆಯೆಂದು ನಿಶ್ಚಿಂತರಾಗಿ ಕುಳಿತುಬಿಡುತ್ತೇವೆ.

ಈ ಮಾತು ನನ್ನ ಮನಸ್ಸಿಗೆ ನಾಟಿದುದು ಕಳೆದ ಮಳೆಗಾಲದ ಒಂದು ಸಂಜೆ. ನಮ್ಮದು ಮಲೆನಾಡಿನ ಅಂಚಿನಲ್ಲಿರುವ ಒಂದು ತಾಲ್ಲೂಕು ಕೇಂದ್ರ. ಇಲ್ಲಿ ನನ್ನ ವೈದ್ಯಮಿತ್ರರೊಬ್ಬರು ಸಿ.ಟಿ. ಸ್ಕ್ಯಾನ್ ಕೇಂದ್ರವೊಂದನ್ನು ನಡೆಸುತ್ತಿದ್ದಾರೆ. ಚಿತ್ರ ತೆಗೆಯುವ ಯಂತ್ರವಿರುವುದು ಇಲ್ಲಿ. ಆ ಚಿತ್ರಗಳನ್ನು ನೋಡಿ ವರದಿ ಬರೆಯುವ ತಜ್ಞರಿರುವುದು ಬೆಂಗಳೂರಿನಲ್ಲಿ. ಇವೆರಡನ್ನು ಕೂಡಿಸುವುದು ಅಂತರಜಾಲ. ಆ ದಿನ ಐದು ಗಂಟೆ ದಾಟಿದ ಮೇಲೆ, ಬಲಗೈ ಬಲಗಾಲುಗಳ ಸ್ವಾಧೀನ ತಪ್ಪಿ ಮಾತು ತೊದಲುತ್ತಿದ್ದ ಅಡಿಕೆ ಬೆಳೆಗಾರರೊಬ್ಬರನ್ನು ಅವರ ಮಗ ಜೀಪಿನಲ್ಲಿ ಕರೆತಂದರು. ತೊಂದರೆ ಕಾಣಿಸಿಕೊಂಡುದು ಮೂರು ಗಂಟೆಗೆ. ಎರಡು ಗಂಟೆಗಳು ದಾರಿಯಲ್ಲಿಯೇ ಕಳೆದಿದ್ದವು.

ಪಾರ್ಶ್ವವಾಯುವಿಗೆ ಮುಖ್ಯವಾಗಿ ಎರಡು ಕಾರಣಗಳುಂಟು. ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಹರಿವು ನಿಲ್ಲುವುದು ಒಂದು. ನಾಳ ಒಡೆದು ರಕ್ತ ಸೋರುವುದು ಇನ್ನೊಂದು. ಹೆಪ್ಪುಗಟ್ಟಿದ್ದರೆ ಅದನ್ನು ಕರಗಿಸುವ ಔಷಧವಿದೆ. ಆದರೆ ಅದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ತಡವಾದಷ್ಟೂ ಪ್ರಯೋಜನ ಕಡಿಮೆ. ರಕ್ತ ಸೋರುತ್ತಿದ್ದರೆ ಅದೇ ಔಷಧ ಪ್ರಾಣಕ್ಕೆ ಎರವಾದೀತು. ಇವೆರಡರಲ್ಲಿ ಯಾವುದೆಂಬುದನ್ನು ಚಿತ್ರವೇ ಹೇಳಬೇಕು.

ಚಿತ್ರಗಳು ಕೆಲವೇ ನಿಮಿಷಗಳಲ್ಲಿ ಸಿದ್ಧವಾದವು. ಬೆಂಗಳೂರಿಗೆ ಮಾತ್ರ ಹೋಗಲಿಲ್ಲ. ಮೊದಲನೆಯ ಸಂಪರ್ಕ ಸತ್ತಿತ್ತು. ಬೇರೆ ಕಂಪನಿಯಿಂದ ಪಡೆದಿದ್ದ ಎರಡನೆಯದೂ ಸತ್ತಿತ್ತು. ವೈದ್ಯರ ಮೊಬೈಲಿನಲ್ಲಿಯೂ ಅಂತರಜಾಲವಿರಲಿಲ್ಲ. ಕಡೆಗೆ ಅಲ್ಲಿನ ತಂತ್ರಜ್ಞ ಹುಡುಗನು ಲ್ಯಾಪ್‌ಟಾಪನ್ನು ಮಳೆಯಲ್ಲಿ ನೆನೆಯದಂತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬಸ್ ನಿಲ್ದಾಣದ ಬಳಿಗೆ ಓಡಿದನು. ಅವನ ಸ್ನೇಹಿತನ ಬಳಿ ಮೂರನೆಯ ಕಂಪನಿಯೊಂದರ ಸಿಮ್ ಇದ್ದಿತು. ಅದಕ್ಕೆ ಅಲ್ಲಿ ಸಂಕೇತ ದೊರೆಯುತ್ತಿತ್ತು. ವರದಿ ಕೈಸೇರುವ ಹೊತ್ತಿಗೆ 50 ನಿಮಿಷಗಳು ಕಳೆದಿದ್ದವು. ಔಷಧವನ್ನು ಅವಧಿಯೊಳಗೇ ಕೊಟ್ಟರು. ರೋಗಿಯು ಈಗ ಕೋಲೂರಿಕೊಂಡು ತೋಟಕ್ಕೆ ಹೋಗಿಬರುತ್ತಾರೆ. ಆ 50 ನಿಮಿಷಗಳು ಉಳಿದಿದ್ದರೆ ಕೋಲು ಬೇಕಾಗುತ್ತಿತ್ತೋ ಇಲ್ಲವೋ, ಯಾರು ಹೇಳಬಲ್ಲರು?

ಮರುದಿನ ವೈದ್ಯರು ನನ್ನನ್ನು ಕರೆಸಿದರು. “ಮೇಷ್ಟ್ರೇ, ಎರಡು ಕಂಪನಿಗಳಿಗೆ ತಿಂಗಳು ತಿಂಗಳೂ ಹಣ ಕಟ್ಟುತ್ತಿದ್ದೇನೆ. ಎರಡೂ ಒಂದೇ ಕ್ಷಣದಲ್ಲಿ ಹೋಗುವುದೆಂದರೇನು? ಇದು ನನ್ನ ದುರದೃಷ್ಟವೋ, ನಿಮ್ಮ ಭೌತವಿಜ್ಞಾನದಲ್ಲಿ ಇದಕ್ಕೆ ಕಾರಣವಿದೆಯೋ?” ಎಂದು ಕೇಳಿದರು.

“ಡಾಕ್ಟರೇ, ಮೊದಲು ತಂತಿಯ ಹಿಂದೆ ನಡೆದು ನೋಡೋಣ” ಎಂದೆ.

ನಡೆದು ನೋಡಿದೆವು. ಎರಡು ಕಂಪನಿಗಳ ತಂತಿಗಳೂ ಕಟ್ಟಡದ ಒಂದೇ ಮೂಲೆಯಿಂದ ಹೊರಟು ಒಂದೇ ಕಂಬವನ್ನು ಸೇರಿದ್ದವು. ಕಂಬದಿಂದ ಇಳಿದು ಒಂದೇ ಗುಂಡಿಯೊಳಗೆ ಹೊಕ್ಕು, ಹೆದ್ದಾರಿಯ ಪಕ್ಕದ ಒಂದೇ ಕೊಳವೆಯಲ್ಲಿ ಸಾಗಿದ್ದವು. ವಿಚಾರಿಸಲಾಗಿ, ಎರಡನೆಯ ಕಂಪನಿಯು ಮೊದಲನೆಯದರ ಎಳೆಗಳನ್ನೇ ಬಾಡಿಗೆಗೆ ಪಡೆದಿದ್ದಿತೆಂದು ತಿಳಿಯಿತು. ವೈದ್ಯರ ಮೊಬೈಲಿಗೆ ಸಂಕೇತ ಕೊಡುವ ಟವರಿಗೂ ಆ ಕೊಳವೆಯೇ ಆಧಾರ. ಊರಾಚೆ ಚರಂಡಿ ತೋಡುತ್ತಿದ್ದ ಜೆ.ಸಿ.ಬಿ. ಯಂತ್ರದ ಒಂದೇ ಪೆಟ್ಟಿಗೆ ಮೂರೂ ತುಂಡಾಗಿದ್ದವು. ಬಿಲ್ಲುಗಳು ಮೂರು, ತೊಟ್ಟಿ ಒಂದೇ.

ಅಂಟಿಸಿದ ದಾಳಗಳ ಲೆಕ್ಕ

ಬದಲಿ ಸಂಪರ್ಕದ ಮರ್ಮವೆಲ್ಲ ಸಂಭವನೀಯತೆಯ ಒಂದು ಚಿಕ್ಕ ಲೆಕ್ಕದಲ್ಲಿ ಅಡಗಿದೆ. ಆರು ಮುಖಗಳ ದಾಳವೊಂದನ್ನು ಎಸೆದರೆ ‘ಒಂದು’ ಬೀಳುವ ಸಂಭವ ಆರರಲ್ಲಿ ಒಂದು. ಎರಡು ದಾಳಗಳನ್ನು ಬೇರೆಬೇರೆಯಾಗಿ ಎಸೆದರೆ ಎರಡರಲ್ಲಿಯೂ ‘ಒಂದು’ ಬೀಳುವ ಸಂಭವ ಮೂವತ್ತಾರರಲ್ಲಿ ಒಂದು. ಆದರೆ ಎರಡು ದಾಳಗಳ ‘ಒಂದು’ ಮುಖಗಳು ಜೊತೆಯಾಗಿ ಮೇಲೆ ಬರುವಂತೆ ಅವುಗಳನ್ನು ಅಂಟಿಸಿಬಿಟ್ಟರೆ ಸಂಭವವು ಪುನಃ ಆರರಲ್ಲಿ ಒಂದಕ್ಕೇ ಬರುತ್ತದೆ. ಸಂಭವಗಳನ್ನು ಗುಣಿಸುವ ಅಧಿಕಾರ ನಮಗಿರುವುದು, ಒಂದರ ಆಗುಹೋಗು ಇನ್ನೊಂದನ್ನು ತಟ್ಟದಿದ್ದಾಗ ಮಾತ್ರ.

ಇದನ್ನು ಅಂತರಜಾಲಕ್ಕೆ ಅನ್ವಯಿಸೋಣ. ವರ್ಷಕ್ಕೆ 8,760 ಗಂಟೆಗಳು. ಒಂದು ಸಂಪರ್ಕವು ನೂರಕ್ಕೆ 99 ಪಾಲು ಕಾಲ ಕೆಲಸಮಾಡುತ್ತದೆಯೆನ್ನೋಣ. ಕೇಳಲು ಇದು ಸೊಗಸಾಗಿದೆ. ಆದರೆ ಉಳಿದ ಒಂದು ಪಾಲು ಎಂದರೆ ವರ್ಷಕ್ಕೆ 87.6 ಗಂಟೆಗಳು, ಮೂರೂವರೆ ದಿನಗಳಿಗಿಂತ ಹೆಚ್ಚು. ಅಂತಹದೇ ಇನ್ನೊಂದನ್ನು ಪಡೆದು, ಎರಡಕ್ಕೂ ಯಾವ ಸಂಬಂಧವೂ ಇಲ್ಲವೆಂದಾದರೆ, ಎರಡೂ ಏಕಕಾಲದಲ್ಲಿ ನಿಂತಿರುವ ಕಾಲ ಹತ್ತು ಸಾವಿರದಲ್ಲಿ ಒಂದು ಪಾಲು. ವರ್ಷಕ್ಕೆ ಕೇವಲ 53 ನಿಮಿಷಗಳು. ಗುಣಾಕಾರದ ಮಹಿಮೆ ಇದು.

ಈಗ ಎರಡನ್ನೂ ಒಂದೇ ಕೊಳವೆಯಲ್ಲಿ ಹಾಯಿಸೋಣ. ಪ್ರತಿಯೊಂದರ ನಿಲುಗಡೆಯಲ್ಲಿ ಅರ್ಧಪಾಲು ಆ ಕೊಳವೆಯ ದೋಷದಿಂದ ಬಂದುದೆನ್ನೋಣ. ಆಗ ಎರಡೂ ಒಟ್ಟಿಗೆ ನಿಲ್ಲುವ ಕಾಲ ವರ್ಷಕ್ಕೆ ಸುಮಾರು 44 ಗಂಟೆಗಳು! ಎಲ್ಲಿಯ 53 ನಿಮಿಷ, ಎಲ್ಲಿಯ 44 ಗಂಟೆ? ಎರಡನೆಯ ಸಂಪರ್ಕದ ಉಳಿದ ದೋಷಗಳನ್ನೆಲ್ಲ ಎಷ್ಟೇ ಹಣ ಸುರಿದು ತಿದ್ದಿದರೂ ಆ 44 ಗಂಟೆಗಳು ಕರಗುವುದಿಲ್ಲ; ಏಕೆಂದರೆ ಅವು ಕೊಳವೆಗೆ ಸೇರಿದವು.

ಇನ್ನೊಂದು ಬಗೆಯಿಂದಲೂ ಪರೀಕ್ಷಿಸೋಣ. ಎರಡನೆಯದು ಬಡಪಾಯಿ ಸಂಪರ್ಕ. ನೂರಕ್ಕೆ 95 ಪಾಲು ಕಾಲ ಮಾತ್ರ ಕೆಲಸಮಾಡುತ್ತದೆ. ಆದರೆ ಅದು ಬರುವ ದಾರಿಯೇ ಬೇರೆ. ಆಗ ಎರಡೂ ಒಟ್ಟಿಗೆ ನಿಲ್ಲುವ ಕಾಲ ವರ್ಷಕ್ಕೆ 4 ಗಂಟೆ 23 ನಿಮಿಷಗಳು. ಒಂದೇ ಕೊಳವೆಯಲ್ಲಿ ಬರುವ ಉತ್ತಮ ಸಂಪರ್ಕಕ್ಕಿಂತ, ಬೇರೆ ದಾರಿಯಲ್ಲಿ ಬರುವ ಸಾಧಾರಣ ಸಂಪರ್ಕವು ಹತ್ತು ಪಾಲು ಮೇಲೆಂದಾಯಿತು. ಬದಲಿ ಸಂಪರ್ಕವನ್ನು ಆರಿಸುವವರು ನೆನಪಿಡಬೇಕಾದ ಮುಖ್ಯಸೂತ್ರ ಇದೇ. ಅದು ಎಷ್ಟು ವೇಗವಾಗಿದೆಯೆಂದು ಕೇಳುವುದಕ್ಕೆ ಮೊದಲು, ಮೊದಲನೆಯದನ್ನು ಕೊಲ್ಲುವ ಕಾರಣವು ಇದನ್ನೂ ಕೊಲ್ಲುವುದೇ ಎಂದು ಕೇಳಬೇಕು.

ದೊಡ್ಡವರೂ ಎಡವಿದ ಕಥೆ

ಇಂತಹ ಪ್ರಮಾದ ಸಣ್ಣ ಊರಿನ ಸಣ್ಣ ಕೇಂದ್ರಗಳಿಗೆ ಮಾತ್ರ ಮೀಸಲಲ್ಲ. ಅಮೆರಿಕದ ಬಾಲ್ಟಿಮೋರ್ ನಗರದ ಕೆಳಗೆ ಹೋವರ್ಡ್ ಸ್ಟ್ರೀಟ್ ಸುರಂಗವೆಂಬ ರೈಲುಮಾರ್ಗವಿದೆ. 2001ರ ಜುಲೈ 18ರಂದು ಅಲ್ಲಿ ಸರಕುಗಾಡಿಯೊಂದು ಹಳಿ ತಪ್ಪಿ ಬೆಂಕಿ ಹೊತ್ತಿಕೊಂಡಿತು. ಬೆಂಕಿಯು ಹಲವು ದಿನ ಉರಿಯಿತು. ಸಿದ್ಧವಾದ ಸುರಂಗವೊಂದಿರುವಾಗ ಬೇರೆ ನೆಲ ಅಗೆಯುವುದೇಕೆಂದು ಹಲವು ಕಂಪನಿಗಳು ತಮ್ಮ ಕೇಬಲ್‌ಗಳನ್ನು ಅದರಲ್ಲಿಯೇ ಹಾಯಿಸಿದ್ದವು. ಅವು ಒಟ್ಟಿಗೆ ಹಾನಿಗೊಂಡು, ಅಂತರಜಾಲವು ಬಹುದೂರದವರೆಗೆ ಕುಂಟಿತು.

2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಸಮುದ್ರದೊಳಗಿನ ಎರಡು ಕೇಬಲ್‌ಗಳು ತುಂಡಾದವು. ಅವುಗಳ ಒಡೆಯರು ಬೇರೆ ಬೇರೆ. ಆದರೆ ಏಷ್ಯದಿಂದ ಯೂರೋಪಿಗೆ ಹೋಗುವ ದಾರಿ ಇಬ್ಬರಿಗೂ ಒಂದೇ. ಭಾರತದಿಂದ ಪಶ್ಚಿಮಕ್ಕೆ ಹೋಗುವ ಅಂತರಜಾಲದ ದೊಡ್ಡ ಪಾಲು ಒಮ್ಮೆಲೇ ಕಡಿದುಹೋಯಿತು. ಪೂರ್ವದಿಕ್ಕಿನ ಕೇಬಲ್‌ಗಳಲ್ಲಿ ಮೊದಲೇ ಸ್ಥಳ ಕಾದಿರಿಸಿಕೊಂಡಿದ್ದವರ ಕೆಲಸ ಬೇಗ ಸುಧಾರಿಸಿತು, ಉಳಿದವರು ಕಾಯಬೇಕಾಯಿತು.

ಎಲ್ಲಕ್ಕಿಂತ ಬೋಧಪ್ರದವಾದುದು ಕೆನಡಾ ದೇಶದ ಉದಾಹರಣೆ. 2022ರ ಜುಲೈ 8ರಂದು ರೋಜರ್ಸ್ ಎಂಬ ದೊಡ್ಡ ಕಂಪನಿಯು ತನ್ನ ಜಾಲದ ನಡುಭಾಗವನ್ನು ನವೀಕರಿಸುತ್ತಿದ್ದಾಗ ಒಂದು ಸೋಸುನಿಯಮವನ್ನು ತೆಗೆದುಹಾಕಿತು. ಆ ನಿಯಮವು ಅಣೆಕಟ್ಟಿನ ತೂಬಿನಂತೆ ದಾರಿಗಳ ವಿವರಗಳನ್ನು ತಡೆದಿಟ್ಟಿತ್ತು. ತೂಬು ತೆರೆದೊಡನೆ ವಿವರಗಳು ಪ್ರವಾಹದಂತೆ ನುಗ್ಗಿ, ನಡುಭಾಗದ ಯಂತ್ರಗಳು ಉಸಿರುಕಟ್ಟಿ ನಿಂತವು. ಯಾವ ತಂತಿಯೂ ತುಂಡಾಗಿರಲಿಲ್ಲ. ಆದರೂ ಸುಮಾರು 1 ಕೋಟಿ 20 ಲಕ್ಷ ಗ್ರಾಹಕರ ಮನೆ, ಕಚೇರಿ ಮತ್ತು ಮೊಬೈಲುಗಳ ಸಂಪರ್ಕ ಒಟ್ಟಿಗೆ ಹೋಯಿತು. ಬ್ಯಾಂಕುಗಳ ಹಣಪಾವತಿಗೆ ಆಧಾರವಾದ ಇಂಟರಾಕ್ ವ್ಯವಸ್ಥೆಯು ಅದೇ ಕಂಪನಿಯನ್ನು ನೆಚ್ಚಿದ್ದುದರಿಂದ, ದೇಶದಾದ್ಯಂತ ಅಂಗಡಿಗಳಲ್ಲಿ ಡೆಬಿಟ್ ಕಾರ್ಡು ನಡೆಯದಾಯಿತು. ತಂತಿಯೂ ಮೊಬೈಲೂ ಒಂದೇ ಕಂಪನಿಯವಾಗಿದ್ದ ಅಂಗಡಿಕಾರರು ತಮ್ಮಲ್ಲಿ ಎರಡು ದಾರಿಗಳಿವೆಯೆಂದು ನಂಬಿದ್ದರು. ಅವುಗಳ ಬೇರು ಒಂದೇ ಎಂಬುದು ಆ ದಿನವೇ ತಿಳಿದುದು. ಇನ್ನೂ ವಿಚಿತ್ರವೆಂದರೆ, ಕೆಟ್ಟ ಜಾಲವನ್ನು ದೂರದಿಂದ ಸರಿಪಡಿಸಲು ಕಂಪನಿಯ ಎಂಜಿನಿಯರುಗಳು ಬಳಸುತ್ತಿದ್ದ ಒಳದಾರಿಯೂ ಆ ಕೆಟ್ಟ ಜಾಲದ ಮೂಲಕವೇ ಹೋಗುತ್ತಿದ್ದಿತು. ಬಾವಿಗೆ ಬಿದ್ದವನ ಕೈಯಲ್ಲಿಯೇ ಹಗ್ಗವೂ ಇದ್ದಂತಾಯಿತು!

ಆದುದರಿಂದ ಬೇರೆತನವನ್ನು ಮೂರು ಕಡೆ ಹುಡುಕಬೇಕು. ನೆಲದ ಮೇಲಿನ ದಾರಿ ಬೇರೆಯಾಗಿರಬೇಕು. ಸಂಕೇತವನ್ನು ಹೊರುವ ಮಾಧ್ಯಮ ಬೇರೆಯಾಗಿರಬೇಕು. ಹಿಂದಿರುವ ಕಂಪನಿಯ ಜಾಲವೂ ಬೇರೆಯಾಗಿರಬೇಕು.

ದಾರಿಗಳೂ ಅವುಗಳ ಶತ್ರುಗಳೂ

ಈಗ ನಮ್ಮ ಮುಂದಿರುವ ದಾರಿಗಳನ್ನು ಒಂದೊಂದಾಗಿ ನೋಡೋಣ. ಪ್ರತಿಯೊಂದಕ್ಕೂ ತನ್ನದೇ ಆದ ಬಲವಿದೆ, ತನ್ನದೇ ಆದ ಶತ್ರುವಿದೆ.

ಮೊದಲನೆಯದು ‘ಫೈಬರ್’ ಎಂದು ಎಲ್ಲರೂ ಕರೆಯುವ ಗಾಜಿನ ಎಳೆ. ತಿರುಳು ಮತ್ತು ಅದರ ಗಾಜಿನ ಹೊದಿಕೆ ಸೇರಿ ಈ ಎಳೆಯ ದಪ್ಪ ಒಂದು ಮಿಲಿಮೀಟರಿನ ಎಂಟನೆಯ ಒಂದು ಭಾಗ. ತಿರುಳಿನ ವಕ್ರೀಭವನಾಂಕವು ಹೊದಿಕೆಯದಕ್ಕಿಂತ ತುಸು ಹೆಚ್ಚಾಗಿರುವುದರಿಂದ, ಒಳಹೊಕ್ಕ ಬೆಳಕು ಪೂರ್ಣ ಆಂತರಿಕ ಪ್ರತಿಫಲನದಿಂದ ಹೊರಗೆ ಸೋರದೆ ಮುಂದೆ ಸಾಗುತ್ತದೆ. ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ. ಮೀ.; ಬೆಂಗಳೂರಿನಿಂದ ಮೈಸೂರಿಗೆ ಹೋಗಲು ಸೆಕೆಂಡಿನ ಸಾವಿರದಲ್ಲಿ ಒಂದು ಪಾಲೂ ಬೇಡ. ಮಿಂಚು, ಮಳೆ, ಮಂಜುಗಳ ಹಾವಳಿ ಇದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ಇದರ ಶತ್ರುಗಳೆಂದರೆ ನೆಲ ಅಗೆಯುವ ಯಂತ್ರ ಮತ್ತು ಕಂಬಗಳ ಮೇಲೆ ಬೀಳುವ ಮರ. ಅಗೆಯುವವರು ಮುಂಚಿತವಾಗಿ ತಿಳಿಸಲೆಂದು ಭಾರತ ಸರ್ಕಾರವು 2023ರ ಮಾರ್ಚಿಯಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಮೊಬೈಲ್ ಆ್ಯಪನ್ನು ಹೊರತಂದಿತು. ಅದು ಒಳ್ಳೆಯ ಕ್ರಮವೇ ಸರಿ. ಆದರೆ ಅಗೆಯುವವನ ಸದ್ಬುದ್ಧಿಯೊಂದನ್ನೇ ನಂಬಿ ವ್ಯಾಪಾರ ನಡೆಸಲಾಗದು.

ಎರಡನೆಯದು ಮೊಬೈಲ್ ಟವರು. ಇಲ್ಲಿ ಸಂಕೇತವು ರೇಡಿಯೋ ತರಂಗವಾಗಿ ಗಾಳಿಯಲ್ಲಿ ಬರುತ್ತದೆ. 4ಜಿ ಸೇವೆಯಲ್ಲಿ ಬಳಕೆಯಲ್ಲಿರುವ 1800 ಮೆಗಾಹರ್ಟ್ಸ್ ತರಂಗದ ಉದ್ದ ಸುಮಾರು 17 ಸೆಂಟಿಮೀಟರು. ಕೆಲವೇ ಮಿಲಿಮೀಟರಿನ ಮಳೆಹನಿಯು ಅದಕ್ಕೆ ಲೆಕ್ಕಕ್ಕೇ ಇಲ್ಲ. ಚರಂಡಿ ತೋಡುವವನು ಗಾಳಿಯನ್ನು ಕಡಿಯಲಾರ. ಆದರೆ ಎರಡು ವಿಷಯಗಳನ್ನು ವಿಚಾರಿಸಬೇಕು. ಟವರಿನಿಂದ ಮುಂದಕ್ಕೆ ಸಂಕೇತ ಹೋಗುವುದು ಹೇಗೆ? ಕೆಲವು ಟವರುಗಳಿಗೆ ಫೈಬರ್ ಬಂದಿದೆ. ಕೆಲವು ಟವರುಗಳು ತಟ್ಟೆಯಾಕಾರದ ಆಂಟೆನಾಗಳ ಮೂಲಕ ಇನ್ನೊಂದು ಟವರಿಗೆ ಸೂಕ್ಷ್ಮತರಂಗಗಳಲ್ಲಿ ಕಳುಹಿಸುತ್ತವೆ. ನಮ್ಮ ಬಸ್ ನಿಲ್ದಾಣದ ಬಳಿಯ ಟವರು ಈ ಎರಡನೆಯ ಜಾತಿಯದು. ಆ ಸಂಜೆ ಅದು ಉಳಿದುದಕ್ಕೆ ಇದೇ ಕಾರಣ. ಇನ್ನು, ನಮ್ಮ ದೇಶದಲ್ಲಿ ಒಂದೇ ಟವರಿನ ಮೇಲೆ ಎರಡು ಮೂರು ಕಂಪನಿಗಳು ಬಾಡಿಗೆಗಿರುವುದು ಸಾಮಾನ್ಯ. ಸಿಮ್ ಬೇರೆಯಾದ ಮಾತ್ರಕ್ಕೆ ಟವರು ಬೇರೆಯೆಂದು ತಿಳಿಯಬಾರದು. ಜಾತ್ರೆಯೋ ಚುನಾವಣೆಯ ಸಭೆಯೋ ನಡೆದಾಗ ಟವರಿನ ಶಕ್ತಿ ಸಾವಿರಾರು ಫೋನುಗಳಿಗೆ ಹಂಚಿಹೋಗುವುದೆಂಬುದನ್ನೂ ಮರೆಯಬಾರದು.

ಮೂರನೆಯದು, ಎರಡು ಮಾಳಿಗೆಗಳ ಮೇಲೆ ಎದುರುಬದುರಾಗಿ ಆಂಟೆನಾಗಳನ್ನು ನಿಲ್ಲಿಸಿ ನೇರವಾಗಿ ಮಾತನಾಡಿಸುವ ರೇಡಿಯೋ ಸಂಪರ್ಕ. ಒಂದು ಸಹಕಾರಿ ಸಂಘಕ್ಕೆ ಐದಾರು ಕಿ. ಮೀ. ದೂರದಲ್ಲಿ ಶಾಖೆಯಿದ್ದರೆ ಇದು ಬಹಳ ಉಪಯುಕ್ತ. ಆದರೆ ಒಂದು ಆಂಟೆನಾದಿಂದ ಇನ್ನೊಂದು ಕಂಡರೆ ಸಾಲದು. ತರಂಗವು ದಾರದಂತೆ ಸಾಗದೆ, ನಡುವಿನಲ್ಲಿ ಉಬ್ಬಿದ ಸೌತೆಕಾಯಿಯ ಆಕಾರದ ಜಾಗವನ್ನು ಬೇಡುತ್ತದೆ. ಫ್ರೆಂಚ್ ವಿಜ್ಞಾನಿ ಫ್ರೆನೆಲ್‌ನ ಹೆಸರಿನಿಂದ ಇದನ್ನು ಫ್ರೆನೆಲ್ ವಲಯವೆನ್ನುತ್ತಾರೆ. 5 ಕಿ. ಮೀ. ದೂರಕ್ಕೆ 5 ಗಿಗಾಹರ್ಟ್ಸ್ ತರಂಗವನ್ನು ಬಳಸಿದರೆ ನಡುದಾರಿಯಲ್ಲಿ ಈ ವಲಯದ ತ್ರಿಜ್ಯ ಸುಮಾರು ಎಂಟೂವರೆ ಮೀಟರು. ಬೇಸಿಗೆಯಲ್ಲಿ ಚೆನ್ನಾಗಿದ್ದ ಸಂಪರ್ಕವು ಮಳೆಗಾಲದಲ್ಲಿ ನಡುವಿನ ಸಿಲ್ವರ್ ಓಕ್ ಮರ ಚಿಗುರಿದಾಗ ಕುಂಟುವುದು ಇದರಿಂದಲೇ.

ನಾಲ್ಕನೆಯದು ಉಪಗ್ರಹ. ಭೂಸ್ಥಿರ ಉಪಗ್ರಹವು ಸಮಭಾಜಕ ವೃತ್ತದ ಮೇಲೆ 35,786 ಕಿ. ಮೀ. ಎತ್ತರದಲ್ಲಿದ್ದು ಭೂಮಿಯೊಡನೆ ಸುತ್ತುತ್ತದೆ. ಆದ್ದರಿಂದ ನಮಗೆ ಆಕಾಶದಲ್ಲಿ ನಿಂತಂತೆಯೇ ಕಾಣುತ್ತದೆ. ಇಸ್ರೋದ ಇಂತಹ ಉಪಗ್ರಹಗಳನ್ನು ನೋಡಿಕೊಳ್ಳುವ ಮುಖ್ಯ ನಿಯಂತ್ರಣ ಕೇಂದ್ರವು 1982ರಲ್ಲಿ ಸ್ಥಾಪನೆಯಾದುದು ನಮ್ಮ ಹಾಸನದಲ್ಲಿಯೇ. ಹಳ್ಳಿಗಾಡಿನ ಅನೇಕ ಎ.ಟಿ.ಎಂ.ಗಳ ಮಾಳಿಗೆಯ ಮೇಲೆ ಕಾಣುವ ಚಿಕ್ಕ ತಟ್ಟೆಗಳು ಭೂಸ್ಥಿರ ಉಪಗ್ರಹಗಳ ಕಡೆಗೆ ಮುಖಮಾಡಿವೆ. ನೆಲದ ಮೇಲಿನ ಜೆ.ಸಿ.ಬಿ., ಮರ, ಪ್ರವಾಹಗಳ ಗೊಡವೆ ಈ ದಾರಿಗಿಲ್ಲ. 2022ರ ಜನವರಿ 15ರಂದು ಸಮುದ್ರದಲ್ಲಿ ಜ್ವಾಲಾಮುಖಿ ಸಿಡಿದು ಟೋಂಗಾ ದ್ವೀಪರಾಷ್ಟ್ರದ ಏಕೈಕ ಅಂತರರಾಷ್ಟ್ರೀಯ ಸಮುದ್ರ ಕೇಬಲ್ ಹರಿದಾಗ, ಅದು ದುರಸ್ತಿಯಾಗುವವರೆಗೆ ಆ ದೇಶವನ್ನು ಹೊರಜಗತ್ತಿಗೆ ಕಟ್ಟಿದ್ದುದು ಉಪಗ್ರಹವೇ.

ಆದರೆ ಪ್ರಕೃತಿಯು ಯಾವುದನ್ನೂ ಬಿಟ್ಟಿಯಾಗಿ ಕೊಡುವುದಿಲ್ಲ. ನಮ್ಮ ಪ್ರಶ್ನೆಯು ಉಪಗ್ರಹಕ್ಕೆ ಏರಿ ನೆಲಕ್ಕಿಳಿಯಲು ಸುಮಾರು 72,000 ಕಿ. ಮೀ.; ಉತ್ತರಕ್ಕೂ ಅಷ್ಟೇ. ಬೆಳಕಿನ ವೇಗದಲ್ಲಿಯೇ ಇದಕ್ಕೆ ಸುಮಾರು ಅರ್ಧ ಸೆಕೆಂಡು ಬೇಕು. ಚಿತ್ರ ಕಳುಹಿಸಲು ಇದು ಅಡ್ಡಿಯಲ್ಲ. ಮಾತುಕತೆಗೆ ಮಾತ್ರ ತುಸು ಕಿರಿಕಿರಿ. ಸುಮಾರು 550 ಕಿ. ಮೀ. ಎತ್ತರದಲ್ಲಿ ಸುತ್ತುವ ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ ಈ ವಿಳಂಬ ಬಹು ಕಡಿಮೆ. ಆದರೆ ಅವು ಸುಮಾರು ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನು ಸುತ್ತುವುದರಿಂದ, ನೆಲದ ಆಂಟೆನಾ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತಲೇ ಇರಬೇಕು. ಅದಕ್ಕೆ ವಿಶಾಲವಾದ ತೆರೆದ ಆಕಾಶ ಬೇಕು. ಆ ಕಂಪನಿಗೆ ನಮ್ಮ ದೇಶದ ಪರವಾನಗಿ ದೊರೆತುದು 2025ರ ಜೂನ್ ತಿಂಗಳಿನಲ್ಲಿ. ಬೇಕೆನ್ನುವವರು ತಮ್ಮ ಊರಿಗೆ ಸೇವೆ ಉಂಟೇ ಎಂದು ಮೊದಲು ವಿಚಾರಿಸತಕ್ಕದ್ದು. ಎರಡು ಬಗೆಯ ಉಪಗ್ರಹಗಳಿಗೂ ಶತ್ರು ಮಳೆ. 12 ಗಿಗಾಹರ್ಟ್ಸ್ ತರಂಗದ ಉದ್ದ ಎರಡೂವರೆ ಸೆಂಟಿಮೀಟರು. ದಪ್ಪ ಮಳೆಹನಿಗಳು ಅದನ್ನು ಹೀರಿ ಚದುರಿಸಬಲ್ಲವು. ಮಳೆಯ ಹೊಡೆತ ಹೆಚ್ಚಿರುವ ಊರಿನಲ್ಲಿ, ಕಂಬದ ಮೇಲಿನ ಫೈಬರಿಗೆ ಉಪಗ್ರಹವನ್ನು ಜೊತೆಮಾಡಿದರೆ, ಮರ ಬೀಳುವ ಗಳಿಗೆಯಲ್ಲಿಯೇ ಉಪಗ್ರಹವೂ ಮಂಕಾಗುವ ಸಂಭವವಿದೆ. ದಾಳಗಳನ್ನು ಮಳೆಯೇ ಅಂಟಿಸಿದಂತಾಗುತ್ತದೆ.

ವಿದ್ಯುತ್ತೆಂಬ ಮರೆತ ತೊಟ್ಟಿ

ದಾರಿಗಳೆಲ್ಲ ಬೇರೆಯಾದ ಮೇಲೂ ಒಂದು ತೊಟ್ಟಿ ಉಳಿಯುತ್ತದೆ. ಅದು ಕಟ್ಟಡದ ವಿದ್ಯುತ್ತು. ಎರಡು ಸಂಪರ್ಕಗಳ ಪೆಟ್ಟಿಗೆಗಳನ್ನೂ ಒಂದೇ ಪ್ಲಗ್ಗಿಗೆ ಸಿಕ್ಕಿಸಿದ್ದರೆ ಮುಂದಿನ ಮಾತೇ ಬೇಡ. ಇಂದಿನ ಫೈಬರ್ ಸಂಪರ್ಕಗಳಲ್ಲಿ ಕಂಪನಿಯ ಕೇಂದ್ರದಿಂದ ನಮ್ಮ ಗೋಡೆಯವರೆಗೆ ನಡುವೆ ವಿದ್ಯುತ್ತೇ ಬೇಡದ ಬಗೆಯೇ ಹೆಚ್ಚು. ಬೆಳಕನ್ನು ಕವಲೊಡೆಸುವ ಸಾಧನವೂ ಬರಿಯ ಗಾಜು. ಆದುದರಿಂದ ಊರಿನಲ್ಲಿ ಕರೆಂಟು ಹೋದರೂ, ಕೇಂದ್ರದಲ್ಲಿ ಮತ್ತು ನಮ್ಮಲ್ಲಿ ಬ್ಯಾಟರಿಯಿದ್ದರೆ ಸಂಪರ್ಕ ನಡೆಯುತ್ತದೆ. ಬೇಕಾದ ಬ್ಯಾಟರಿಯೂ ದೊಡ್ಡದಲ್ಲ. 12 ವೋಲ್ಟಿನ 7 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 84 ವಾಟ್-ಗಂಟೆಯ ಶಕ್ತಿಯಿರುತ್ತದೆ. ಫೈಬರ್ ಪೆಟ್ಟಿಗೆ ಮತ್ತು ರೌಟರ್ ಸೇರಿ 20 ವಾಟ್ ಬಳಸಿದರೆ, ನಷ್ಟಗಳನ್ನು ಕಳೆದರೂ ಮೂರು ಗಂಟೆ ಸಾಗುತ್ತದೆ. ಟವರುಗಳಿಗೂ ಬ್ಯಾಟರಿ ಇರುತ್ತದೆ. ಆದರೆ ದೀರ್ಘಕಾಲ ಕರೆಂಟಿಲ್ಲದಾಗ ಅದೂ ಬರಿದಾಗುತ್ತದೆ. ಕರೆಂಟು ಹೋದ ಎಷ್ಟು ಹೊತ್ತಿನ ಮೇಲೆ ನಮ್ಮ ಟವರು ಮೌನವಾಗುತ್ತದೆಯೆಂಬುದನ್ನು ಗಡಿಯಾರ ಹಿಡಿದು ಒಂದೆರಡು ಬಾರಿ ನೋಡಿಕೊಳ್ಳುವುದು ಯಾವ ಜಾಹೀರಾತಿಗಿಂತಲೂ ಮೇಲು.

ದ್ವಾರಪಾಲಕನ ಜಾಣ್ಮೆ

ಎರಡು ದಾರಿಗಳಿದ್ದರೆ, ಯಾವಾಗ ಯಾವುದರಲ್ಲಿ ಹೋಗಬೇಕೆಂದು ನಿರ್ಧರಿಸುವ ದ್ವಾರಪಾಲಕನು ಬೇಕು. ಎರಡು ಸಂಪರ್ಕಗಳನ್ನು ಹಿಡಿಯಬಲ್ಲ ರೌಟರು ಈ ಕೆಲಸವನ್ನು ಮಾಡುತ್ತದೆ. ಆದರೆ ಅದಕ್ಕೆ ಸರಿಯಾದ ಪಾಠ ಹೇಳಿಕೊಡಬೇಕು. ಕೇವಲ ತಂತಿಯಲ್ಲಿ ಜೀವವಿದೆಯೇ ಎಂದು ನೋಡುವ ರೌಟರು ಮೋಸಹೋಗುತ್ತದೆ. ಗೋಡೆಯ ಪೆಟ್ಟಿಗೆಯ ದೀಪ ಉರಿಯುತ್ತಿರುವಾಗಲೇ ಹತ್ತು ಮೈಲಿ ಆಚೆ ಎಳೆ ತುಂಡಾಗಿರಬಹುದು. ದೂರದ ಒಂದೆರಡು ವಿಳಾಸಗಳನ್ನು ಆಗಾಗ ಕೂಗಿ, ಓಗೊಡುವುವೇ ಎಂದು ಪರೀಕ್ಷಿಸುವಂತೆ ಅದನ್ನು ಅಣಿಗೊಳಿಸಬೇಕು.

ಕೂಗಿಗೆ ಒಮ್ಮೆ ಉತ್ತರ ಬಾರದಿದ್ದರೆ ಒಡನೆಯೇ ದಾರಿ ಬದಲಿಸುವುದೂ ತರವಲ್ಲ. ಮೂರು ನಾಲ್ಕು ಬಾರಿ ಬಾರದಿದ್ದರೆ ಬದಲಿಸಬೇಕು. ಮೊದಲನೆಯದು ಪುನಃ ಬಂದಾಗಲೂ ಕೆಲವು ನಿಮಿಷ ಸ್ಥಿರವಾಗಿ ನಿಂತಿತೆಂದು ಖಾತರಿಯಾದ ಮೇಲೆಯೇ ಮರಳಬೇಕು. ಕಬ್ಬಿಣವನ್ನು ಕಾಂತೀಕರಿಸುವಾಗ ಹೋದ ದಾರಿ ಬೇರೆ, ಮರಳುವ ದಾರಿ ಬೇರೆ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ನೋಡುತ್ತಾರೆ. ಇಲ್ಲಿಯೂ ಅಂತಹ ಹಿಂಜರಿತ ಬೇಕು. ಇಲ್ಲದಿದ್ದರೆ ರೌಟರು ನಿಮಿಷಕ್ಕೆ ಹತ್ತು ಬಾರಿ ಅತ್ತಿಂದಿತ್ತ ಓಲಾಡಿ, ಎರಡು ಸಂಪರ್ಕಗಳಿದ್ದೂ ಒಂದೂ ಇಲ್ಲದಂತಾಗುತ್ತದೆ.

ದಾರಿ ಬದಲಾದಾಗ ಅಂತರಜಾಲದಲ್ಲಿ ನಮ್ಮ ವಿಳಾಸವೂ ಬದಲಾಗುತ್ತದೆ. ನಿಗದಿಯಾದ ವಿಳಾಸದಿಂದ ಬಂದವರನ್ನು ಮಾತ್ರ ಒಳಬಿಡುವ ಬ್ಯಾಂಕು ಅಥವಾ ಆಸ್ಪತ್ರೆಯ ವ್ಯವಸ್ಥೆಗಳುಂಟು. ಅವರಿಗೆ ಎರಡನೆಯ ವಿಳಾಸವನ್ನೂ ಮೊದಲೇ ತಿಳಿಸಿರಬೇಕು. ಮೊಬೈಲ್ ಸಂಪರ್ಕದಲ್ಲಿ ನಮಗೇ ಮೀಸಲಾದ ಸ್ಥಿರ ವಿಳಾಸ ಸಾಮಾನ್ಯವಾಗಿ ದೊರೆಯದೆಂಬುದನ್ನು ಗಮನಿಸತಕ್ಕದ್ದು.

ಎಷ್ಟು ಬೇಕು?

ಬದಲಿ ಸಂಪರ್ಕವು ಮೊದಲನೆಯದರಷ್ಟೇ ಅಗಲವಾಗಿರಬೇಕಾಗಿಲ್ಲ. ಬಿರುಗಾಳಿಯಲ್ಲಿ ಮನೆಯ ಸಾಮಾನುಗಳನ್ನೆಲ್ಲ ಸಾಗಿಸುವವರಾರು? ಮೊದಲು ಮಕ್ಕಳು, ಆಮೇಲೆ ಪೆಟ್ಟಿಗೆ. ಔಷಧದ ಅಂಗಡಿಗೆ ಬೇಕಾದುದು ಬಿಲ್ಲು ಬರೆಯುವುದು ಮತ್ತು ಯು.ಪಿ.ಐ. ಹಣ ಬಂದಿತೆಂದು ತಿಳಿಯುವುದು. ಇವಕ್ಕೆ ಅತಿ ಸಣ್ಣ ಸಂಪರ್ಕವೂ ಸಾಕು. ಕಾವಲು ಕ್ಯಾಮೆರಾದ ಚಿತ್ರಗಳು, ಗಣಕಯಂತ್ರಗಳ ನವೀಕರಣ ಮೊದಲಾದವನ್ನು ಬದಲಿ ದಾರಿಯಲ್ಲಿ ಬಿಡದಂತೆ ರೌಟರಿಗೆ ಹೇಳಬಹುದು. ನಮ್ಮ ವೈದ್ಯರ ಒಂದು ಪರೀಕ್ಷೆಯ ಚಿತ್ರಗಳು ಸುಮಾರು 200 ಮೆಗಾಬೈಟ್ ಎನ್ನೋಣ. ಸೆಕೆಂಡಿಗೆ 100 ಮೆಗಾಬಿಟ್ ಕಳುಹಿಸುವ ಫೈಬರಿನಲ್ಲಿ ಇದು 16 ಸೆಕೆಂಡುಗಳ ಕೆಲಸ. 5 ಮೆಗಾಬಿಟ್ಟಿನ ಮೊಬೈಲಿನಲ್ಲಿ 5 ನಿಮಿಷ 20 ಸೆಕೆಂಡು. ವ್ಯತ್ಯಾಸವೇನೋ ಇದೆ, ಆದರೆ 50 ನಿಮಿಷಗಳಲ್ಲ. ಇಲ್ಲಿ ನೋಡಬೇಕಾದುದು ಕಳುಹಿಸುವ ವೇಗವನ್ನು. ಜಾಹೀರಾತುಗಳು ಕೂಗಿ ಹೇಳುವುದು ಬಹುಮಟ್ಟಿಗೆ ಪಡೆಯುವ ವೇಗವನ್ನು.

ಖರ್ಚಿನ ತೀರ್ಮಾನವೂ ಕಷ್ಟವಲ್ಲ. ಒಂದು ಗಂಟೆ ಕೆಲಸ ನಿಂತರೆ ಆಗುವ ನಷ್ಟವನ್ನು, ಬದಲಿಯಿಂದ ವರ್ಷದಲ್ಲಿ ಉಳಿಯುವ ಗಂಟೆಗಳಿಂದ ಗುಣಿಸಿ, ಬದಲಿಯ ವಾರ್ಷಿಕ ವೆಚ್ಚದೊಡನೆ ಹೋಲಿಸಬೇಕು. ಚಹದ ಅಂಗಡಿಗೆ ಜೇಬಿನ ಮೊಬೈಲೇ ಸಾಕಾದೀತು. ಸ್ಕ್ಯಾನ್ ಕೇಂದ್ರದ ನಷ್ಟವನ್ನು ಮಾತ್ರ ರೂಪಾಯಿಗಳಲ್ಲಿ ಬರೆಯಲು ಬರುವುದಿಲ್ಲ.

ವೈದ್ಯರು ಕಡೆಗೆ ಮಾಡಿದುದಿಷ್ಟು. ಎರಡು ಫೈಬರುಗಳಲ್ಲಿ ಒಂದನ್ನು ಬಿಟ್ಟರು. ಆ ಹಣದಿಂದ, ಬಸ್ ನಿಲ್ದಾಣದ ಬಳಿಯ ಟವರಿನಲ್ಲಿರುವ ಆ ಮೂರನೆಯ ಕಂಪನಿಯ ಸಿಮ್ ಪಡೆದು, ಅದನ್ನು ಹಿಡಿಯುವ ಪೆಟ್ಟಿಗೆಯನ್ನು ಗೋಡೆಗೆ ಹಾಕಿಸಿದರು. ಸಂಕೇತ ಕ್ಷೀಣವಾಗಿದ್ದುದರಿಂದ ಮಾಳಿಗೆಯ ಮೇಲೆ ಆ ಟವರಿನತ್ತ ತಿರುಗಿಸಿದ ಆಂಟೆನಾವೊಂದನ್ನು ನಿಲ್ಲಿಸಿದರು. ಎರಡಕ್ಕೂ ಬೇರೆಬೇರೆ ಬ್ಯಾಟರಿ. ತಿಂಗಳ ಮೊದಲ ಸೋಮವಾರ ಬೆಳಗ್ಗೆ ಏಳು ಗಂಟೆಗೆ ತಂತ್ರಜ್ಞ ಹುಡುಗನು ಫೈಬರಿನ ತಂತಿಯನ್ನು ಬೇಕೆಂದೇ ಕಿತ್ತು, ಒಂದು ಹಳೆಯ ಚಿತ್ರವನ್ನು ಬೆಂಗಳೂರಿಗೆ ಕಳುಹಿಸಿ, ತಗುಲಿದ ಕಾಲವನ್ನು ಪುಸ್ತಕದಲ್ಲಿ ಬರೆದಿಡುತ್ತಾನೆ. ಮೊದಲನೆಯ ಸೋಮವಾರ ಚಿತ್ರ ಹೋಗಲೇ ಇಲ್ಲ. ಬೆಂಗಳೂರಿನವರಿಗೆ ಹೊಸ ವಿಳಾಸವನ್ನು ತಿಳಿಸುವುದು ಮರೆತುಹೋಗಿದ್ದಿತು! ಆ ತಪ್ಪು ಬಯಲಾದುದು ರೋಗಿಯಿಲ್ಲದ ಬೆಳಗಿನಲ್ಲಿ. ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸಕ್ಕೆ ತೊಡಗಬಾರದೆಂದು ಹಿರಿಯರು ಹೇಳಿದುದು ಇದಕ್ಕಾಗಿಯೇ.

ವಾಚಕರಲ್ಲಿ ಅಂಗಡಿ, ಕಚೇರಿ, ಚಿಕಿತ್ಸಾಲಯಗಳನ್ನು ನಡೆಸುವವರು ಅನೇಕರಿರಬಹುದು. ನಾಳೆ ಬೆಳಗ್ಗೆ ಬಿಡುವು ಮಾಡಿಕೊಂಡು ತಮ್ಮ ಕಟ್ಟಡದ ಗೋಡೆಯಿಂದ ಹೊರಟ ತಂತಿಗಳ ಹಿಂದೆ ಒಂದು ನೂರು ಹೆಜ್ಜೆ ನಡೆದು ನೋಡಲಿ. ಎರಡೂ ಒಂದೇ ಕಂಬವನ್ನು ಏರಿದ್ದರೆ, ತಮಗಿರುವುದು ಎರಡು ನಲ್ಲಿಗಳೇ ಹೊರತು ಎರಡು ತೊಟ್ಟಿಗಳಲ್ಲವೆಂದು ತಿಳಿಯತಕ್ಕದ್ದು.